ಸೊಂಟದ ಬಳಿಯಿಂದಲೇ ಗುಂಡು ಹಾರಿಸಿದರೆ ಗುರಿ ತಾಗುತ್ತದೆಯೇ?

ಸಿನಿಮಾದ ನಾಯಕ ಪಿಸ್ತೂಲನ್ನು ಕಣ್ಣಿನ ಮಟ್ಟಕ್ಕೆ ಎತ್ತುವುದೇ ಅಪರೂಪ. ಸೊಂಟದ ಬಳಿಯಿಂದಲೇ ಢಮ್ ಎನ್ನಿಸುತ್ತಾನೆ, ಖಳನ ಕೈಯಲ್ಲಿದ್ದ ಆಯುಧ ಹಾರಿಬೀಳುತ್ತದೆ. ‘ರೂಢಿ ಇದ್ದವರಿಗೆ ಗುರಿ ನೋಡೋದು ಬೇಕಾಗಿಲ್ಲ, ಕೈಗೇ ಗೊತ್ತಾಗ್ತದ’ ಎಂಬ ಮಾತು ನಮ್ಮ ಅಬಲೂರಿನ ಕಟ್ಟೆಯ ಮೇಲೂ ಕೇಳಿಬರುತ್ತದೆ. ಅದರಲ್ಲಿ ಸ್ವಲ್ಪ ನಿಜವೂ ಇದೆ.

ಜೋಳ ಹಾಲುಗಾಳಾದಾಗ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುವುದನ್ನು ನೆನೆಸಿಕೊಳ್ಳಿ. ಕವಣೆಯಲ್ಲಿ ಗುರಿ ನೋಡಲು ಯಾವ ಸಾಧನವೂ ಇಲ್ಲ. ಆದರೂ ಕಲ್ಲು ಬೇಕಾದ ಕಡೆಗೇ ಹೋಗುತ್ತದೆ. ನಮ್ಮ ಕೈಕಾಲು ಎಲ್ಲಿವೆ, ಎಷ್ಟು ಬಾಗಿವೆ ಎಂಬ ಸುದ್ದಿಯನ್ನು ಸ್ನಾಯು ಮತ್ತು ಕೀಲುಗಳಲ್ಲಿರುವ ನರಗಳು ಮಿದುಳಿಗೆ ಕಳಿಸುತ್ತಲೇ ಇರುತ್ತವೆ. ಕಣ್ಣು ಮುಚ್ಚಿಕೊಂಡು ಮೂಗಿನ ತುದಿ ಮುಟ್ಟಲು ಸಾಧ್ಯವಾಗುವುದು ಇದರಿಂದಲೇ. ಸಾವಿರಾರು ಸಲ ಎಸೆದು, ಕಲ್ಲು ಎಲ್ಲಿ ಬಿತ್ತೆಂದು ನೋಡಿ ತಿದ್ದಿಕೊಂಡವರ ಕೈ ಹದಕ್ಕೆ ಬರುತ್ತದೆ. ಇದು ಹುಟ್ಟುಗುಣವಲ್ಲ, ಕಲಿಕೆ. ಇನ್ನೊಂದು ವಿಷಯ: ಕವಣೆ ಕಲ್ಲು ಹಕ್ಕಿಗೆ ತಾಗಲೇಬೇಕೆಂದಿಲ್ಲ, ಹಿಂಡಿನ ಹತ್ತಿರ ಬಿದ್ದರೂ ಸಾಕು.

ಗುಂಡಿಗೆ ಆ ವಿನಾಯಿತಿ ಇಲ್ಲ. ನಳಿಗೆಯ ದಿಕ್ಕು ಬರೀ ಒಂದು ಡಿಗ್ರಿ ತಪ್ಪಿದರೆ, 10 ಮೀಟರ್ ದೂರದಲ್ಲಿ ಗುಂಡು ಸುಮಾರು 17 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ. ಅಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 11.5 ಮಿ.ಮೀ., ಹೆಚ್ಚುಕಡಿಮೆ ಅಂಗಿಯ ಗುಂಡಿಯಷ್ಟು!

ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರಲ್ಲ, ಅದು ಕೋವಿ. ಕೋವಿಯ ಹಿಂಬದಿ ಭುಜಕ್ಕೆ ಒರಗಿರುತ್ತದೆ, ಕೆನ್ನೆ ಮರಕ್ಕೆ ತಾಗಿರುತ್ತದೆ, ಕಣ್ಣು ತಾನಾಗಿಯೇ ನಳಿಗೆಯ ನೇರಕ್ಕೆ ಬರುತ್ತದೆ. ಪಿಸ್ತೂಲಿಗೆ ಭುಜವೂ ಇಲ್ಲ, ಕೆನ್ನೆಯೂ ಇಲ್ಲ, ಹಿಡಿತವೊಂದೇ ಆಧಾರ. ನಳಿಗೆ ಮುಷ್ಟಿಗಿಂತ ಮೇಲಿರುವುದರಿಂದ ಗುಂಡು ಹಾರಿದಾಗ ಮೂತಿ ಮೇಲಕ್ಕೆ ಜಿಗಿಯುತ್ತದೆ. ಹಿಡಿಯನ್ನು ಸಾಧ್ಯವಾದಷ್ಟು ಮೇಲ್ಭಾಗದಲ್ಲಿ, ಎರಡೂ ಕೈಗಳಿಂದ ಹಿಡಿಯಲು ಕಲಿಸುವುದು ಇದಕ್ಕೇ. ಜಿಗಿತ ಕಡಿಮೆಯಾದರೆ ಎರಡನೇ ಗುಂಡಿಗೆ ಬೇಗ ಸಿದ್ಧವಾಗಬಹುದು. ವೇಗದ ಗುಟ್ಟು ಬಹುಪಾಲು ಇಷ್ಟೇ. ಇನ್ನೊಂದು ತೊಡಕು ಬೆರಳುಗಳದ್ದು. ಗಾಬರಿಯಲ್ಲಿ ತೋರುಬೆರಳು ಒಂದೇ ಮಡಚುವುದಿಲ್ಲ, ಜೊತೆಗೆ ಮುಷ್ಟಿಯೇ ಬಿಗಿಯುತ್ತದೆ. ಟ್ರಿಗರ್ ಎಳೆಯುವ ಕ್ಷಣದಲ್ಲೇ ಪಿಸ್ತೂಲು ಓರೆಯಾಗುತ್ತದೆ.

ಸೊಂಟದಿಂದ ಹೊಡೆಯುವುದೇ ವೇಗ ಎಂದು ಒಂದು ಕಾಲದಲ್ಲಿ ಪರಿಣತರೂ ನಂಬಿದ್ದರು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೆಫ್ ಕೂಪರ್ ಎಂಬವರು ಮೊದಲು ಹೊಡೆದವನೇ ಗೆದ್ದ ಎನ್ನುವಂಥ ಪಂದ್ಯಗಳನ್ನು ನಡೆಸುತ್ತಿದ್ದರು. ಹೆಚ್ಚಿನವರು ಸೊಂಟದಿಂದಲೇ ಹೊಡೆದು, ತಪ್ಪಿ, ಮತ್ತೆ ಮತ್ತೆ ಹೊಡೆಯುತ್ತಿದ್ದರು. ಜ್ಯಾಕ್ ವೀವರ್ ಎಂಬ ಪೊಲೀಸ್ ಅಧಿಕಾರಿ ಪಿಸ್ತೂಲನ್ನು ಎರಡು ಕೈಗಳಲ್ಲಿ ಕಣ್ಣಿನ ಮಟ್ಟಕ್ಕೆ ಎತ್ತಿ, ಗುರಿ ನೋಡಿಯೇ ಹೊಡೆದ. ಅರೆಗಳಿಗೆ ತಡವಾದರೂ ಗೆಲ್ಲತೊಡಗಿದ. ನೋಡನೋಡುತ್ತ ಉಳಿದವರೂ ಅವನ ದಾರಿ ಹಿಡಿದರು. ಆ ನಿಲುವಿಗೆ ಇವತ್ತಿಗೂ ಅವನದೇ ಹೆಸರಿದೆ.

ಒಲಿಂಪಿಕ್ಸ್‌ನ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲ್ ಸ್ಪರ್ಧೆಯೂ ಇದನ್ನೇ ತೋರಿಸುತ್ತದೆ. 2012ರಲ್ಲಿ ಲಂಡನ್ನಿನಲ್ಲಿ ನಮ್ಮ ಸೇನೆಯ ವಿಜಯ್ ಕುಮಾರ್ ಇದರಲ್ಲೇ ಬೆಳ್ಳಿ ಗೆದ್ದರು. ಕೆಳಗಿಳಿಸಿದ ಕೈಯನ್ನು ಎತ್ತಿ, ಅತಿ ವೇಗದ ಸುತ್ತಿನಲ್ಲಿ 4 ಸೆಕೆಂಡಿನೊಳಗೆ ಐದು ಗುರಿಗಳಿಗೆ ಐದು ಗುಂಡು ಹೊಡೆಯಬೇಕು. ಅಲ್ಲೂ ಪಿಸ್ತೂಲು ಕಣ್ಣಿನ ನೇರಕ್ಕೆ ಬರುತ್ತದೆ. ಅಭ್ಯಾಸವಾದ ಕೈ ಪಿಸ್ತೂಲನ್ನು ಸರಿಸುಮಾರು ಗುರಿಯ ಮೇಲೆ ತಂದು ನಿಲ್ಲಿಸುತ್ತದೆ, ಉಳಿದ ಕೂದಲೆಳೆಯಷ್ಟು ತಪ್ಪನ್ನು ಕಣ್ಣು ತಿದ್ದುತ್ತದೆ.

ಹಾಗಾದರೆ ಒಂದು ಕಣ್ಣು ಮುಚ್ಚಬೇಕೆ? ಕಡ್ಡಾಯವಲ್ಲ. ಎರಡೂ ಕಣ್ಣು ತೆರೆದು ದೂರದ ಕಂಬಕ್ಕೆ ಹೆಬ್ಬೆರಳು ಹಿಡಿಯಿರಿ, ಒಂದೊಂದೇ ಕಣ್ಣು ಮುಚ್ಚಿ ನೋಡಿ. ಯಾವ ಕಣ್ಣು ತೆರೆದಾಗ ಬೆರಳು ಕಂಬದ ಮೇಲೇ ಉಳಿಯುತ್ತದೋ ಅದು ನಿಮ್ಮ ಪ್ರಬಲ ಕಣ್ಣು. ಬಲಗೈಯವರಿಗೆ ಅದು ಎಡಗಣ್ಣೂ ಆಗಿರಬಹುದು.

ಇದನ್ನೆಲ್ಲ ಬಂದೂಕು ಮುಟ್ಟದ ನಾವೇಕೆ ತಿಳಿಯಬೇಕು? ‘ಆರೋಪಿಯ ಕಾಲಿಗೆ ಗುಂಡೇಟು’ ಎಂಬ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಪೊಲೀಸರು ಬೇಕೆಂದ ಕಡೆಗೆ, ಬೇಕೆಂದಷ್ಟೇ ಹೊಡೆಯಬಲ್ಲರು ಎಂದು ಸಲೀಸಾಗಿ ನಂಬುತ್ತೇವೆ. ಮೀನಖಂಡದ ಅಗಲ 17 ಸೆಂ.ಮೀ.ಗಿಂತ ಕಡಿಮೆ. ಓಡುವವನ ಕಾಲು ಕ್ಷಣಕ್ಷಣಕ್ಕೂ ಜಾಗ ಬದಲಿಸುತ್ತದೆ. ಹೊಡೆಯುವವರ ಎದೆಬಡಿತವೂ ಏರಿರುತ್ತದೆ, ಕೈ ನಡುಗುತ್ತಿರುತ್ತದೆ. ಇಂಥ ಸ್ಥಿತಿಯಲ್ಲಿ ಕಾಲಿಗೆಂದು ಹಾರಿಸಿದ ಗುಂಡು ತೊಡೆಯ ದೊಡ್ಡ ರಕ್ತನಾಳವನ್ನು ಸೀಳಿದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗಬಹುದು. ತಪ್ಪಿದ ಗುಂಡು ಹಿಂದಿರುವ ಮನೆಯ ಕಿಟಕಿಯತ್ತಲೂ ಹೋಗಬಹುದು.