ಯುದ್ಧನೌಕೆಯ ಇಂಧನ ಮತ್ತು ಬೇಸಾಯಗಾರನ ಹೊಲ



ಯುದ್ಧನೌಕೆಗಳ ಮಾತು ಕೃಷಿ ಪತ್ರಿಕೆಯಲ್ಲಿ ಏಕೆ ಎಂದು ನೀವು ಕೇಳಬಹುದು. ಹೊಲದಲ್ಲಿ ಬೆಳೆದ ಎಣ್ಣೆಕಾಳಿನಿಂದಲೂ ಕೊಳದಲ್ಲಿ ಬೆಳೆದ ಪಾಚಿಯಿಂದಲೂ ತನ್ನ ಹಡಗು, ವಿಮಾನಗಳನ್ನು ನಡೆಸಬೇಕೆಂದು ಅಮೆರಿಕದ ನೌಕಾದಳವು ಹೊರಟಿತ್ತು. ಹೊಂಗೆ, ಜತ್ರೋಫಾ, ಸಿಮರೂಬ ಗಿಡಗಳನ್ನು ನೆಡಿರೆಂಬ ಸಲಹೆಯನ್ನು ವರ್ಷಗಟ್ಟಲೆ ಕೇಳುತ್ತ ಬಂದಿರುವ ನೀವು, ಆ ಪ್ರಯತ್ನ ಎಲ್ಲಿಗೆ ಮುಟ್ಟಿತೆಂಬುದನ್ನು ತಿಳಿದಿರುವುದು ಒಳ್ಳೆಯದು.

ನೌಕೆಯ ಇಂಧನ ಬದಲಾಗುವುದು ಹೊಸ ಸಂಗತಿಯೇನೂ ಅಲ್ಲ. ಹಾಯಿಪಟದ ಕಾಲ ಹೋಗಿ ಕಲ್ಲಿದ್ದಲು ಬಂದಿತು. 1911ರಲ್ಲಿ ಬ್ರಿಟನ್ನಿನ ನೌಕಾದಳದ ಮಂತ್ರಿಯಾದ ವಿನ್‌ಸ್ಟನ್ ಚರ್ಚಿಲ್ಲರು ದೊಡ್ಡ ಯುದ್ಧನೌಕೆಗಳನ್ನು ಎಣ್ಣೆಯಿಂದಲೇ ನಡೆಸುವ ತೀರ್ಮಾನಕ್ಕೆ ಬಂದರು. ವೇಗ ಹೆಚ್ಚುತ್ತದೆ, ಕಲ್ಲಿದ್ದಲು ಎತ್ತಿ ಹಾಕುವ ಆಳುಗಳು ಬೇಡ, ನಡುಕಡಲಿನಲ್ಲೇ ಇಂಧನ ತುಂಬಬಹುದು. ಆದರೆ ಕಲ್ಲಿದ್ದಲು ವೇಲ್ಸ್ ಪ್ರಾಂತದ ಸ್ವಂತ ಗಣಿಯದು, ಎಣ್ಣೆ ದೂರದ ಪರ್ಷಿಯದ್ದು. ಆದುದರಿಂದ 1914ರಲ್ಲಿ ಆ ಸರ್ಕಾರವು ಆಂಗ್ಲೋ-ಪರ್ಷಿಯನ್ ತೈಲ ಕಂಪೆನಿಯ ಅರ್ಧಕ್ಕಿಂತ ಹೆಚ್ಚು ಪಾಲನ್ನೇ ಕೊಂಡುಕೊಂಡಿತು. ಪರದೇಶದ ಎಣ್ಣೆಯ ಮೇಲಿನ ಈ ಅವಲಂಬನೆ ಅಂದಿನಿಂದ ನೌಕಾದಳಗಳ ತಲೆನೋವಾಗಿಯೇ ಉಳಿದಿದೆ. ಅಣುಶಕ್ತಿಯಿಂದ ನಡೆಯುವ ನೌಕೆಗಳು 1950ರ ದಶಕದಲ್ಲಿ ಬಂದರೂ ಅವು ಕೆಲವೇ ಕೆಲವು. ಉಳಿದವಕ್ಕೆ ಇಂದಿಗೂ ಡೀಸೆಲ್ ಜಾತಿಯ ಎಣ್ಣೆಯೇ ಆಹಾರ.

ಈ ತಲೆನೋವಿಗೆ ಹೊಲದಿಂದ ಮದ್ದು ತರುತ್ತೇವೆಂದು 2009ರ ಅಕ್ಟೋಬರಿನಲ್ಲಿ ಹೇಳಿದವರು ಅಮೆರಿಕದ ನೌಕಾದಳದ ಕಾರ್ಯದರ್ಶಿ ರೇ ಮೇಬಸ್. 2020ರೊಳಗೆ ನೌಕಾದಳದ ಅರ್ಧದಷ್ಟು ಶಕ್ತಿ ಬದಲಿ ಮೂಲಗಳಿಂದ ಬರಬೇಕು. 2016ರಲ್ಲಿ ಒಂದು 'ಮಹಾ ಹಸಿರು ನೌಕಾಪಡೆ' ಸಮುದ್ರಕ್ಕೆ ಇಳಿಯಬೇಕು ಎಂಬುದು ಅವರ ಗುರಿ. ಕಚ್ಚಾ ಎಣ್ಣೆಯ ಬೆಲೆ ಪೀಪಾಯಿಗೆ ಒಂದು ಡಾಲರ್ ಏರಿದರೆ ನೌಕಾದಳದ ವಾರ್ಷಿಕ ಖರ್ಚು 3 ಕೋಟಿ ಡಾಲರ್ ಏರುತ್ತದೆ ಎಂದು ಅವರು ಹೋದಲ್ಲೆಲ್ಲ ಹೇಳುತ್ತಿದ್ದರು. 2010ರ ಏಪ್ರಿಲ್ 22ರಂದು ಒಂದು ಯುದ್ಧವಿಮಾನವು ಅರ್ಧ ಕ್ಯಾಮೆಲಿನ ಎಣ್ಣೆಯ ಇಂಧನ, ಅರ್ಧ ಸಾಧಾರಣ ಇಂಧನ ತುಂಬಿಕೊಂಡು ಹಾರಿತು. ಕ್ಯಾಮೆಲಿನ ಎಂದರೆ ನಮ್ಮ ಸಾಸಿವೆಯ ಕುಟುಂಬಕ್ಕೆ ಸೇರಿದ ಎಣ್ಣೆಕಾಳು. ಮೊಂಟಾನದಂತಹ ಮಳೆ ಕಡಿಮೆಯ ರಾಜ್ಯಗಳಲ್ಲಿ ಗೋಧಿಯ ಜೊತೆ ಸರದಿಯಲ್ಲಿ ಅದನ್ನು ಬೆಳೆಯುತ್ತಾರೆ. ಅಲ್ಲಿನ ಒಣಬೇಸಾಯಗಾರರಿಗೆ ಆಗ ಎಷ್ಟು ಆಸೆ ಹುಟ್ಟಿರಬೇಕೆಂಬುದನ್ನು ನೀವೇ ಊಹಿಸಬಲ್ಲಿರಿ.

2012ರ ಜುಲೈನಲ್ಲಿ ಹವಾಯಿ ದ್ವೀಪಗಳ ಬಳಿ ಪ್ರದರ್ಶನ ನಡೆಯಿತು. ಮೂರು ಯುದ್ಧನೌಕೆಗಳೂ, ನಿಮಿಟ್ಜ್ ಎಂಬ ವಿಮಾನವಾಹಕ ನೌಕೆಯ ಮೇಲಿನ ವಿಮಾನಗಳೂ 9 ಲಕ್ಷ ಗ್ಯಾಲನ್ ಮಿಶ್ರ ಇಂಧನವನ್ನು ಪಡೆದವು. (ನಿಮಿಟ್ಜ್ ಅಣುಶಕ್ತಿಯ ನೌಕೆ. ಹಸಿರು ಪಡೆಯ ಅತಿ ದೊಡ್ಡ ಹಡಗು ತನ್ನ ಸಂಚಾರಕ್ಕೆ ಈ ಎಣ್ಣೆಯ ಒಂದು ಹನಿಯನ್ನೂ ಕುಡಿಯಲಿಲ್ಲ!) ಮಿಶ್ರಣದಲ್ಲಿ ಅರ್ಧ ಜೈವಿಕ ಇಂಧನ, ಎಂದರೆ 4.5 ಲಕ್ಷ ಗ್ಯಾಲನ್. ಅದಕ್ಕೆ ಕೊಟ್ಟ ಹಣ 1 ಕೋಟಿ 20 ಲಕ್ಷ ಡಾಲರ್. ಗ್ಯಾಲನ್ನಿಗೆ 26 ಡಾಲರಿಗೂ ಮೇಲೆ ಬಿತ್ತು; ಸಾಧಾರಣ ಇಂಧನ ಆಗ 4 ಡಾಲರಿಗೂ ಕಡಿಮೆಗೆ ಸಿಗುತ್ತಿತ್ತು.

ಈ ಪ್ರಮಾಣವನ್ನು ನಮ್ಮ ಲೆಕ್ಕಕ್ಕೆ ಇಳಿಸಿ ನೋಡೋಣ. 4.5 ಲಕ್ಷ ಗ್ಯಾಲನ್ ಎಂದರೆ ಸುಮಾರು 17 ಲಕ್ಷ ಲೀಟರು. ಒಂದು ಕ್ವಿಂಟಾಲ್ ಹೊಂಗೆ ಬೀಜದಿಂದ ಯಂತ್ರಗಾಣದಲ್ಲಿ 25 ಕಿಲೋ, ಅಂದರೆ ಸುಮಾರು 27 ಲೀಟರ್ ಎಣ್ಣೆ ದೊರೆಯುತ್ತದೆಂದು ಹಿಡಿದರೂ 60 ಸಾವಿರ ಕ್ವಿಂಟಾಲಿಗೂ ಮಿಕ್ಕಿ ಬೀಜ ಬೇಕು. ಶುದ್ಧೀಕರಣದಲ್ಲಿ ಆಗುವ ನಷ್ಟ ಬೇರೆ. ಇಷ್ಟೂ ಒಂದು ಪ್ರದರ್ಶನದ ಖರ್ಚಿಗೆ!

ಇದಕ್ಕೆ ವಿರೋಧ ಬಾರದೆ ಇರಲಿಲ್ಲ. ರ‍್ಯಾಂಡ್ ಸಂಸ್ಥೆಯು 2011ರಲ್ಲೇ ಬದಲಿ ಇಂಧನಗಳಿಂದ ಸೇನೆಗೆ ನೇರವಾದ ಪ್ರಯೋಜನವಿಲ್ಲವೆಂದು ವರದಿ ಮಾಡಿತ್ತು. ಹಿಂದೆ ನೌಕಾದಳದ ವಿಮಾನ ಚಾಲಕರಾಗಿದ್ದ ಸೆನೆಟರ್ ಜಾನ್ ಮೆಕೇನ್ ಮೊದಲಾದವರು, ಪೆಟ್ರೋಲಿಯಮ್ಮಿಗಿಂತ ದುಬಾರಿಯಾದ ಜೈವಿಕ ಇಂಧನವನ್ನು ಸೇನೆ ಕೊಳ್ಳಲೇಬಾರದೆಂದು ಪಟ್ಟು ಹಿಡಿದರು. 2012ರ ಮೇ ತಿಂಗಳಲ್ಲಿ ಸೆನೆಟ್ಟಿನ ಸಮಿತಿ ಅಂತಹ ನಿಷೇಧವನ್ನು ಸೇರಿಸಿತು. ನವೆಂಬರಿನಲ್ಲಿ ಪೂರ್ಣ ಸೆನೆಟ್ಟು ಅದನ್ನು ತೆಗೆದುಹಾಕಿತು. ಮೊದಲ ಖರೀದಿ ಎಂದೂ ದುಬಾರಿಯೇ, ಅಣುನೌಕೆಯೂ ಮೊದಲು ದುಬಾರಿಯಾಗಿತ್ತು ಎಂಬುದು ಪರವಾದಿಗಳ ಮಾತು. ಇದರಲ್ಲಿ ಹುರುಳಿದೆ. ಆದರೆ ಎಣ್ಣೆ ಉಳಿಸುವ ಮಾರ್ಗ ಇನ್ನೂ ಸುಲಭವಾಗಿ ಕೈಗೆ ಸಿಕ್ಕಿತ್ತು. ಮಂದಗತಿಯಲ್ಲಿ ವಿದ್ಯುತ್ ಮೋಟಾರಿನಿಂದ ಚಲಿಸುವ ಮೇಕಿನ್ ಐಲೆಂಡ್ ಎಂಬ ನೌಕೆಯು 2009ರ ತನ್ನ ಮೊದಲ ಯಾನದಲ್ಲೇ ಸುಮಾರು 20 ಲಕ್ಷ ಡಾಲರ್ ಬೆಲೆಯ ಇಂಧನ ಉಳಿಸಿತೆಂದು ನೌಕಾದಳವೇ ಹೇಳಿಕೊಂಡಿದೆ.

ಕೊನೆಗೆ 2016ರ ಜನವರಿ 20ರಂದು ಸ್ಯಾನ್ ಡಿಯಾಗೋ ಬಂದರಿನಿಂದ ಹಸಿರು ಪಡೆ ಹೊರಟಿತು. ಅಮೆರಿಕದ ಕೃಷಿ ಕಾರ್ಯದರ್ಶಿ ಟಾಮ್ ವಿಲ್ಸಾಕ್ ಅವರೂ ಹಾಜರಿದ್ದರು. ಗ್ಯಾಲನ್ನಿಗೆ ಬೆಲೆ 2.05 ಡಾಲರ್, ಕೃಷಿ ಇಲಾಖೆಯ ಸಹಾಯಧನವೂ ಅದರ ಹಿಂದೆ ಇತ್ತು. ಮಿಶ್ರಣದಲ್ಲಿ ಜೈವಿಕ ಇಂಧನದ ಪಾಲು ಅರ್ಧದಿಂದ ಹತ್ತನೆಯ ಒಂದಕ್ಕೆ ಇಳಿದಿತ್ತು. ಆ ಹತ್ತನೆಯ ಒಂದು ಪಾಲು ಯಾವುದರದು? ಕ್ಯಾಮೆಲಿನದ್ದಲ್ಲ, ಪಾಚಿಯದ್ದೂ ಅಲ್ಲ. ಕಸಾಯಿಖಾನೆಗಳಲ್ಲಿ ಉಳಿಯುವ ದನದ ಕೊಬ್ಬಿನದು!

ನೀವು ಗಮನಿಸತಕ್ಕದ್ದು ಇದನ್ನೇ. ಪಟ್ಟಣದಲ್ಲಿ ಈ ಚರ್ಚೆ ನಡೆದದ್ದು ಬೆಲೆ, ದೇಶರಕ್ಷಣೆಗಳ ಮೇಲೆ. ಹೊಲದ ಬದಿಯಿಂದ ನೋಡಿದರೆ ಬೇರೊಂದು ಪ್ರಶ್ನೆ ಏಳುತ್ತದೆ. ಕೊಳ್ಳುವವನು ಎಷ್ಟೇ ದೊಡ್ಡವನಾಗಿರಲಿ, ಅವನ ತೊಟ್ಟಿಗೆ ಸೇರುವುದು ಈಗಾಗಲೇ ಒಂದೆಡೆ ರಾಶಿ ಬಿದ್ದಿರುವ, ಬೇರೆ ಗಿರಾಕಿ ಕಡಿಮೆ ಇರುವ ಎಣ್ಣೆ. ಉಳುಮೆ, ಗೊಬ್ಬರ, ಕೊಯಿಲಿನ ಖರ್ಚು ಹೊತ್ತ ಕಾಳು ಅದರೊಡನೆ ಸ್ಪರ್ಧಿಸಲಾರದು. 2012ರ ಪ್ರದರ್ಶನಕ್ಕೆ ಪಾಚಿಯ ಎಣ್ಣೆ ಕೊಟ್ಟ ಸೊಲಜೈಮ್ ಕಂಪೆನಿ ಹೆಸರು ಬದಲಿಸಿಕೊಂಡು 2017ರಲ್ಲಿ ದಿವಾಳಿಯಾಯಿತು.

ಇನ್ನೊಂದು ತಾಂತ್ರಿಕ ಅಂಶವಿದೆ. ಹಲವು ಯುದ್ಧನೌಕೆಗಳಲ್ಲಿ ಇಂಧನ ಖರ್ಚಾದಂತೆ ತೊಟ್ಟಿಯ ತಳಕ್ಕೆ ಸಮುದ್ರದ ನೀರನ್ನು ಬಿಡುತ್ತಾರೆ. ಹಡಗಿನ ತೂಕ ಸಮನಾಗಿದ್ದು ಅದು ವಾಲದಿರಲೆಂದು. ಪೆಟ್ರೋಲಿಯಮ್ ಎಣ್ಣೆ ನೀರಿನ ಮೇಲೆ ತೇಲಿ ಬೇರೆಯಾಗಿಯೇ ನಿಲ್ಲುತ್ತದೆ. ನಮ್ಮಲ್ಲಿ ಹೊಂಗೆ ಎಣ್ಣೆಗೆ ಮೆಥನಾಲ್ ಸೇರಿಸಿ ತಯಾರಿಸುವ ಬಯೋಡೀಸೆಲ್ಲಾದರೋ ನೀರನ್ನು ಹೀರಿ, ಕಡೆದ ಮಜ್ಜಿಗೆಯಂತೆ ಕಲಸಿಹೋಗುತ್ತದೆ, ಸೂಕ್ಷ್ಮಜೀವಿಗಳೂ ಬೆಳೆಯುತ್ತವೆ. ಆದಕಾರಣ ನೌಕಾದಳವು ಒಪ್ಪಿದ್ದು ಹೆಚ್ಚಿನ ಒತ್ತಡ, ಶಾಖಗಳಲ್ಲಿ ಜಲಜನಕದಿಂದ ಸಂಸ್ಕರಿಸಿದ ಎಣ್ಣೆಯನ್ನು ಮಾತ್ರ. ಅಂತಹ ಸ್ಥಾವರವನ್ನು ಹೋಬಳಿಯಲ್ಲಿ ಸ್ಥಾಪಿಸಲಾಗುವುದಿಲ್ಲ. ಲಾಭವೆಲ್ಲ ಅಲ್ಲಿಯೇ ನಿಂತು, ರೈತನಿಗೆ ಬೀಜದ ಬೆಲೆ ಮಾತ್ರ ಉಳಿಯುತ್ತದೆ.

ಹಾಗೆಂದು ಆ ಪ್ರಯೋಗ ವ್ಯರ್ಥವೆಂದು ನಾನು ಹೇಳಲಾರೆ. ಯಂತ್ರವನ್ನು ಬದಲಿಸದೆ ಇಂತಹ ಇಂಧನವನ್ನು ಉರಿಸಬಹುದೆಂಬುದು ಖಚಿತವಾಯಿತು. ನಮ್ಮ ದೇಶದಲ್ಲಿಯೂ ಡೆಹರಾಡೂನಿನ ಪೆಟ್ರೋಲಿಯಮ್ ಸಂಸ್ಥೆ ಜತ್ರೋಫಾ ಎಣ್ಣೆಯಿಂದ ತಯಾರಿಸಿದ ಇಂಧನವನ್ನು ಬೆರೆಸಿಕೊಂಡು ವಾಯುದಳದ ಎಎನ್-32 ವಿಮಾನ 2018ರ ಡಿಸೆಂಬರಿನಲ್ಲಿ ಹಾರಿತು. 2019ರ ಗಣರಾಜ್ಯೋತ್ಸವದಲ್ಲೂ ಹಾರಿತು. ಇದು ವಿಜ್ಞಾನಿಗಳ ಗೆಲುವು, ಸಂತೋಷಪಡೋಣ. ಆದರೆ ಇದೇ ಜತ್ರೋಫಾವನ್ನು 2003ರಲ್ಲಿ ಯೋಜನಾ ಆಯೋಗದ ಸಮಿತಿಯು ಒಂದು ಕೋಟಿ ಹೆಕ್ಟೇರಿಗೂ ಮಿಗಿಲಾಗಿ ನೆಡುವ ಮಾತಾಡಿತ್ತು. ನೆಟ್ಟವರಲ್ಲಿ ಅನೇಕರು ಇಳುವರಿ ಬಾರದೆ, ಬಂದ ಬೀಜಕ್ಕೆ ಕೊಳ್ಳುವವರಿಲ್ಲದೆ ಗಿಡ ಕಿತ್ತುಹಾಕಿದರು. ವಿಮಾನ ಹಾರಿದ್ದರಿಂದ ಅವರ ಹೊಲದ ನಷ್ಟ ತುಂಬಲಿಲ್ಲ.

ಆದುದರಿಂದ ರಾಗಿ, ಶೇಂಗಾ ಬೆಳೆಯುವ ಭೂಮಿಯನ್ನು ಯಾವ ಇಂಧನದ ಗಿಡಕ್ಕೂ ಬಿಡಬೇಡಿ. ಬದು, ಬೇಲಿಸಾಲು, ಕಲ್ಲುಗುಡ್ಡದ ಬದಿಗಳಲ್ಲಿ ಹೊಂಗೆ, ಬೇವು, ಹಿಪ್ಪೆ ಬೆಳೆಸಿ. ಹಾಸನದ ಬಳಿಯ ಜೈವಿಕ ಇಂಧನ ಉದ್ಯಾನವು ತೋರಿಸಿಕೊಟ್ಟಿರುವ ಕ್ರಮವೂ ಇದೇ. ಗಿಡ ಹಂಚಲು ಬಂದವರನ್ನು, ಬೀಜವನ್ನು ಯಾರು ಕೊಳ್ಳುತ್ತಾರೆ, ಎಷ್ಟು ದೂರ ಸಾಗಿಸಬೇಕು, ಯಾವ ಬೆಲೆ, ಎಷ್ಟು ವರ್ಷಕ್ಕೆ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಕೊಳ್ಳುವವರು ಬಾರದೆ ಹೋದ ವರ್ಷ ಬೀಜವನ್ನು ಊರಿನ ಗಾಣಕ್ಕೆ ಹಾಕಿಸಿ, ಹಿಂಡಿಯನ್ನು ತೆಂಗು, ಅಡಿಕೆಯ ಬುಡಕ್ಕೆ ಹಾಕಬಹುದು.