ಅಟ್ಟದ ಮರ ಕೆಳಗಿಳಿಸಿ

ಕ್ರಿಸ್‌ಮಸ್‌ನಲ್ಲಿ ಮಕ್ಕಳ ಹಟಕ್ಕೆ ಕೊಂಡ ಪ್ಲಾಸ್ಟಿಕ್ ಮರ ಅಟ್ಟ ಸೇರಿದೆಯೇ? ಕೆಳಗಿಳಿಸಿ, ವರ್ಷವಿಡೀ ದುಡಿಸಿಕೊಳ್ಳಬಹುದು.

ಶಿಡ್ಲಘಟ್ಟ, ಚಿಂತಾಮಣಿ ಸೀಮೆಯವರು ಅಲಂಕಾರಕ್ಕೆ ದುಡ್ಡು ಸುರಿಯಬೇಕಿಲ್ಲ. ರೇಷ್ಮೆಯ ಬಿತ್ತನೆ ಮೊಟ್ಟೆ ತಯಾರಿಸುವಲ್ಲಿ ಚಿಟ್ಟೆ ಕೊರೆದು ಹೊರಬಂದ ಗೂಡು ಉಳಿಯುತ್ತದೆ. ಅದರಿಂದ ನೂಲು ಬಿಚ್ಚಲಾಗದು, ಹೂವು ಮಾಡಬಹುದು. ಒಳಗಿನ ಒಣ ಪೊರೆ ಉದುರಿಸಿ, ಎಸಳಾಗಿ ಕತ್ತರಿಸಿ, ದಾರದಲ್ಲಿ ಕಟ್ಟಿ.

ಸಂಕ್ರಾಂತಿಗೆ ಬೈವೋಲ್ಟೀನ್ ಗೂಡಿನ ಬಿಳಿ ಹೂವು. ಯುಗಾದಿಗೆ ಮೈಸೂರು ತಳಿಯ ಹಳದಿ ಹೂವು, ನಡುವೆ ಮಾವು ಬೇವಿನ ಎಲೆ. ದಸರೆಗೆ ಬೊಂಬೆಗಳ ಪಕ್ಕ ನಿಲ್ಲಿಸಿ, ಚೆಂಡುಹೂ ಸುತ್ತಿ. ಕ್ರಿಸ್‌ಮಸ್‌ಗೆ ಅರ್ಧ ಕತ್ತರಿಸಿದ ಗೂಡೇ ಗಂಟೆ.

ಬಿಸಿಯಾಗುವ ಬಲ್ಬು ತಾಗದಿರಲಿ. ಹಬ್ಬ ಮುಗಿದ ಮೇಲೆ ಒಣ ಬೇವಿನೆಲೆಯೊಡನೆ ಡಬ್ಬಿಯಲ್ಲಿಡಿ, ಇಲ್ಲವಾದರೆ ಹುಳು ಹಿಡಿಯುತ್ತದೆ. ಜೋಪಾನ ಮಾಡಿದರೆ ಮುಂದಿನ ವರ್ಷದ ಖರ್ಚು ದಾರದ್ದು ಮಾತ್ರ.