ಜೀಪಿಗೂ ಮುಂಗಾರಿನ ಸಿದ್ಧತೆ ಬೇಡವೆ?



ರೋಹಿಣಿ ಮಳೆ ಬಾಗಿಲಿಗೆ ಬಂದಿದೆ. ಅಡಿಕೆಯವರು ಮೈಲುತುತ್ತ, ಸುಣ್ಣ ತಂದಿಟ್ಟುಕೊಂಡು ಸಿಂಪಡಣೆ ಪಂಪಿನ ವಾಷರು ಬದಲಾಯಿಸುತ್ತಿದ್ದಾರೆ. ಕಾಫಿಯವರು ಮರಗಸಿ ಮುಗಿಸಿ ಬಸಿಗಾಲುವೆ ಬಿಡಿಸುತ್ತಿದ್ದಾರೆ. ಮನೆಯೊಳಗೆ ಕಟ್ಟಿಗೆ, ಹಪ್ಪಳ, ಉಪ್ಪಿನಕಾಯಿ ಸೇರಿದೆ. ಮಳೆಗಾಲಕ್ಕೆ ಇಷ್ಟೆಲ್ಲ ಅಣಿಯಾಗುವ ನಾವು, ಆ ನಾಲ್ಕು ತಿಂಗಳು ನಮ್ಮನ್ನು ಹೊರಜಗತ್ತಿಗೆ ಸೇರಿಸುವ ಒಂದೇ ಕೊಂಡಿಯಾದ ಜೀಪನ್ನು ಮಾತ್ರ ಶೆಡ್ಡಿನಲ್ಲಿ ಹಾಗೆಯೇ ನಿಲ್ಲಿಸಿರುತ್ತೇವೆ. ಅದು ಹೇಗೂ ಓಡುತ್ತದೆ ಎಂಬುದು ನಮ್ಮ ನಂಬಿಕೆ.

ಈ ನಂಬಿಕೆ ಎಷ್ಟು ಟೊಳ್ಳು ಎಂಬುದನ್ನು ನಮಗೆ ತಿಳಿಸಿದವರು ಪೇಟೆಯ ಹುಡುಗರು. ಕಳೆದ ವರ್ಷ ಮಳೆ ಹಿಂದೆಗೆದ ಮೇಲೆ ಬೆಂಗಳೂರಿನ ಹತ್ತು ಹನ್ನೆರಡು ಯುವಕರು ನೆರೆಯ ತೋಟವೊಂದಕ್ಕೆ ಜೀಪು ಓಡಿಸಲೆಂದೇ ಬಂದಿದ್ದರು. ರಸ್ತೆಯಿಲ್ಲದ ಕಡೆ ವಾಹನ ಓಡಿಸುವುದು ಈಗೊಂದು ಆಟ. ನಾವು ಹುಟ್ಟಿದಾರಭ್ಯ ಬೈದುಕೊಂಡೇ ದಾಟುತ್ತಿರುವ ಕೆಸರನ್ನು ಇವರು ದುಡ್ಡು ಕೊಟ್ಟು ದಾಟುತ್ತಾರಲ್ಲ ಎಂದು, ನಿಜ ಹೇಳಬೇಕೆಂದರೆ, ನಗಲೆಂದೇ ನಾವು ಅಲ್ಲಿಗೆ ಹೋದೆವು. ಬರುವಾಗ ನಗು ಇರಲಿಲ್ಲ. ಪ್ರತಿ ವಾಹನದಲ್ಲೂ ಎಳೆಯುವ ಹಗ್ಗ, ಕೊಕ್ಕೆ, ಗುದ್ದಲಿ, ಗಾಳಿ ತುಂಬುವ ಪಂಪು, ಗಾಳಿ ಅಳೆಯುವ ಮೀಟರು, ಬೆಂಕಿ ಆರಿಸುವ ಡಬ್ಬಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇದ್ದವು. ಹಳ್ಳಕ್ಕೆ ಗಾಡಿ ಇಳಿಸುವ ಮುಂಚೆ ಒಬ್ಬ ಕೋಲು ಹಿಡಿದು ನಡೆದು ಆಳ ನೋಡಿ ಬಂದ. ಹೂತ ಗಾಡಿಯನ್ನು ಎಳೆಯುವಾಗ ಉಳಿದವರನ್ನೆಲ್ಲ ಹಗ್ಗದ ಉದ್ದಕ್ಕಿಂತ ದೂರ ನಿಲ್ಲಿಸಿದರು. ಎರಡು ದಿನದ ಆಟಕ್ಕೆ ಇಷ್ಟು ಸಿದ್ಧತೆ! ವರ್ಷವಿಡೀ ಅದೇ ಕೆಸರಿನಲ್ಲಿ ಆಳುಕಾಳು, ಮಕ್ಕಳು ಮರಿ, ಗೊಬ್ಬರ, ಕಾಫಿ ಎಲ್ಲವನ್ನೂ ಸಾಗಿಸುವ ನಮ್ಮ ಜೀಪಿನಲ್ಲಿ ಏನಿದೆ? ಒಂದು ಜಾಕು, ಅದರ ಹಿಡಿ ಎಲ್ಲಿದೆಯೋ ಗೊತ್ತಿಲ್ಲ.

ಜೀಪು ಮೂಲದಲ್ಲಿ ಯುದ್ಧದ ವಾಹನ. ಎರಡನೆಯ ಮಹಾಯುದ್ಧದಲ್ಲಿ, 1941ರಿಂದ, ಅಮೆರಿಕದ ಸೈನ್ಯಕ್ಕಾಗಿ ವಿಲ್ಲೀಸ್ ಕಂಪನಿ ಅದನ್ನು ಸಾವಿರಗಟ್ಟಲೆ ತಯಾರಿಸಿತು. ಯುದ್ಧ ಮುಗಿದ ಮೇಲೆ ಮಹೀಂದ್ರ ಕಂಪನಿ ಅದನ್ನೇ ನಮ್ಮ ದೇಶದಲ್ಲಿ ಜೋಡಿಸತೊಡಗಿತು. ಎತ್ತಿನ ಗಾಡಿ ಹತ್ತದ ಏರನ್ನು ಅದು ಹತ್ತಿದ್ದರಿಂದ ಮಲೆನಾಡಿಗೆ ಅದು ಮನೆಯ ದನದಷ್ಟೇ ಆಪ್ತವಾಯಿತು. ಆದರೆ ಸೈನ್ಯದಲ್ಲಿ ಡ್ರೈವರು ದಿನವೂ ಬೆಳಿಗ್ಗೆ ವಾಹನದ ಎಣ್ಣೆ, ನೀರು, ಗಾಳಿ, ಬ್ರೇಕು ನೋಡದೆ ಹೊರಡುವಂತಿಲ್ಲ. ನಾವು ಸೈನ್ಯದ ವಾಹನವನ್ನು ತಂದುಕೊಂಡೆವು, ಸೈನ್ಯದ ಶಿಸ್ತನ್ನು ಅಲ್ಲಿಯೇ ಬಿಟ್ಟೆವು.

ಇದರ ಫಲವನ್ನು ನಾವೇ ಉಂಡಿದ್ದೇವೆ. 2019ರ ಆಗಸ್ಟ್ ತಿಂಗಳನ್ನು ಯಾರೂ ಮರೆತಿರಲಾರರು. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡವೇ ಜರಿದು ಬಂತು. ಚಾರ್ಮಾಡಿ ಘಾಟಿ ಮುಚ್ಚಿತು. ಕಳಸದ ಬಳಿ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದಳು. ಆ ದಿನಗಳಲ್ಲಿ ಒಂದು ಸಂಜೆ ನಮ್ಮ ಲೈನುಮನೆಯ ಹೆಂಗಸೊಬ್ಬರಿಗೆ ಕಟ್ಟಿಗೆ ತೆಗೆಯುವಾಗ ಕಾಲಿಗೆ ಹಾವು ಕಚ್ಚಿತು. ಕರೆಂಟಿಲ್ಲ, ಫೋನಿಲ್ಲ. ಫೋನಿದ್ದರೂ ಆಂಬುಲೆನ್ಸು ಬರುವುದು ಡಾಂಬರು ರಸ್ತೆಯವರೆಗೆ ಮಾತ್ರ. ನಮ್ಮ ಮನೆಯಿಂದ ಅಲ್ಲಿಗೆ ಮೂರು ಮೈಲಿ ಮಣ್ಣು ದಾರಿ.

ಆಕೆಯನ್ನು ಮಲಗಿಸಿಕೊಂಡು ಜೀಪು ಹೊರಟಿತು. ಅಡಿಕೆ ತೋಟದ ತಗ್ಗು ದಾಟಿ ಏರು ಹತ್ತುವಲ್ಲಿ ಹಿಂದಿನ ಗಾಲಿ ಸುಮ್ಮನೆ ತಿರುಗತೊಡಗಿತು. ಫೋರ್ ವೀಲ್ ಹಾಕಪ್ಪ ಎಂದೆವು. ಲಿವರು ಕದಲಲಿಲ್ಲ. ಹಿಂದಿನ ಮಳೆಗಾಲದ ನಂತರ ಅದನ್ನು ಯಾರೂ ಮುಟ್ಟಿರಲಿಲ್ಲ, ತುಕ್ಕು ಹಿಡಿದು ಕೂತಿತ್ತು. ಬಾವಿಯ ಹಗ್ಗ ತಂದು ಕಟ್ಟಿ ಎಳೆದೆವು, ಅದೂ ಹರಿಯಿತು. ಕೊನೆಗೆ ಆಕೆಯನ್ನು ಮರದ ಕುರ್ಚಿಯಲ್ಲಿ ಕೂರಿಸಿ ಎಂಟು ಜನ ಸರದಿಯಲ್ಲಿ ಹೊತ್ತರು. ಡಾಂಬರು ಮುಟ್ಟಿ, ಇನ್ನೊಬ್ಬರ ಗಾಡಿ ಹಿಡಿದು ತಾಲ್ಲೂಕು ಆಸ್ಪತ್ರೆ ಸೇರುವಾಗ ಎರಡು ಗಂಟೆ ತಡವಾಗಿತ್ತು. ದೇವರ ದಯೆ, ಜೀವ ಉಳಿಯಿತು. ಕಾಲಿನ ಎರಡು ಬೆರಳು ಉಳಿಯಲಿಲ್ಲ. ಆಕೆ ಈಗಲೂ ನಮ್ಮ ಕಣದಲ್ಲಿ ಕಾಫಿ ಆರಿಸುತ್ತಾರೆ. ಒಂದು ದಿನವೂ ಆ ಮಾತು ಎತ್ತಿಲ್ಲ. ಹಾಗೆ ಎತ್ತದಿರುವುದೇ ನಮಗೆ ಭಾರ.

ಮಳೆಯನ್ನು ದೂರಬಹುದಿತ್ತು, ರಸ್ತೆ ಮಾಡಿಸದವರನ್ನು ದೂರಬಹುದಿತ್ತು. ಆದರೆ ಆ ಲಿವರಿಗೆ ತುಕ್ಕು ಹಿಡಿಯಲು ಬಿಟ್ಟವರು ನಾವು. ಅದಕ್ಕೇ ಈ ಬರಹ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಫೋರ್ ವೀಲ್ ಲಿವರನ್ನು ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಹಾಕಿ ಒಂದು ಫರ್ಲಾಂಗು ಓಡಿಸಬೇಕು. ಇದನ್ನು ಮಣ್ಣು ದಾರಿಯಲ್ಲಿ ಮಾಡಬೇಕು. ಒಣ ಡಾಂಬರಿನ ಮೇಲೆ ಫೋರ್ ವೀಲ್ ಹಾಕಿ ತಿರುಗಿಸಿದರೆ ಗೇರಿಗೂ ಜಾಯಿಂಟಿಗೂ ಪೆಟ್ಟು. ಹಳೆಯ ಜೀಪುಗಳಲ್ಲಿ ಕೆಲವಕ್ಕೆ ಮುಂದಿನ ಗಾಲಿಯ ಹಬ್ಬನ್ನು ಕೈಯಲ್ಲಿ ತಿರುಗಿಸಿ ಲಾಕು ಮಾಡಬೇಕಾಗುತ್ತದೆ. ಅದನ್ನು ಮರೆತರೆ ಒಳಗೆ ಲಿವರು ಬಿದ್ದರೂ ಮುಂದಿನ ಗಾಲಿಗೆ ಎಳೆತ ಬಾರದು.

ಎರಡನೆಯದಾಗಿ, ಮುಂದಿನ ಮತ್ತು ಹಿಂದಿನ ಹೌಸಿಂಗಿನ ಎಣ್ಣೆ. ಬಿರಡೆ ಬಿಚ್ಚಿದಾಗ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣದಲ್ಲಿದ್ದರೆ ನೀರು ಸೇರಿದೆಯೆಂದೇ ಅರ್ಥ. ಹೌಸಿಂಗಿನ ತಲೆಯ ಮೇಲೆ ಉಸಿರಾಟಕ್ಕೆಂದು ಒಂದು ಸಣ್ಣ ನಳಿಗೆ ಇರುತ್ತದೆ. ಅದು ಕೆಸರಿನಿಂದ ಕಟ್ಟಿಕೊಂಡಿದ್ದರೆ, ಓಡಿ ಬಿಸಿಯಾದ ಹೌಸಿಂಗು ಹಳ್ಳದ ತಣ್ಣೀರಿಗೆ ಇಳಿದ ಕೂಡಲೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನು ಒಳಗೆ ಹೀರುತ್ತದೆ. ಒಂದು ತಂತಿ ತೂರಿಸಿ ಐದು ನಿಮಿಷದಲ್ಲಿ ಸರಿಮಾಡುವ ಕೆಲಸ ಇದು. ಬಿಟ್ಟರೆ ಸಾವಿರಾರು ರೂಪಾಯಿಯ ಕ್ರೌನು ಹೋಗುತ್ತದೆ.

ಮೂರನೆಯದು ಬ್ರೇಕು. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ಅದರಲ್ಲಿ ನೀರು ಸೇರಿದ್ದರೆ ಉದ್ದನೆಯ ಇಳಿಜಾರಿನಲ್ಲಿ ಬ್ರೇಕು ಕಾದಾಗ ನೀರು ಕುದಿದು ಆವಿಯಾಗಿ ಪೆಡಲು ಬರಿದೆ ಕೆಳಗೆ ಹೋಗುತ್ತದೆ. ನಮ್ಮಂಥ ಥಂಡಿಯ ಊರಿನಲ್ಲಿ ಇದನ್ನು ವರ್ಷ ವರ್ಷ ಬದಲಾಯಿಸಿದರೆ ಕ್ಷೇಮ. ಕೈಬ್ರೇಕು ಏರಿನಲ್ಲಿ ಹಿಡಿಯುವುದೋ ಇಲ್ಲವೋ ನೋಡಿಕೊಳ್ಳಿ. ಗಾಲಿಗೆ ಕಲ್ಲು ಕೊಡಲು ಒಬ್ಬ ಹುಡುಗನನ್ನು ಹಿಂದೆ ನಿಲ್ಲಿಸುವ ಪದ್ಧತಿ ಇನ್ನಾದರೂ ನಿಲ್ಲಲಿ.

ನಾಲ್ಕನೆಯದು ಸಾಮಾನು. ಬಲವಾದ ನೈಲಾನು ಹಗ್ಗ, ಎರಡು ಉಕ್ಕಿನ ಕೊಂಡಿ, ಗುದ್ದಲಿ, ಕತ್ತಿ, ಟಾರ್ಚು, ಜಾಕಿನ ಕೆಳಗಿಡಲು ಒಂದು ಹಲಗೆ, ಗಾಲಿಗೆ ಕಟ್ಟುವ ಚೈನು. ಇವು ಜೀಪಿನಲ್ಲೇ ಇರಬೇಕು, ಅಟ್ಟದಲ್ಲಲ್ಲ. ಹಗ್ಗವನ್ನು ಚಾಸಿಗೆ ಭದ್ರವಾಗಿ ಕೂತ ಕೊಕ್ಕೆಗೇ ಕಟ್ಟಬೇಕೇ ಹೊರತು ಬಂಪರಿಗಲ್ಲ. ಬಿಗಿದ ಹಗ್ಗ ಹರಿದರೆ ಕೋವಿಯ ಗುಂಡಿಗಿಂತ ಕಡಿಮೆಯೇನಲ್ಲ. ಹಗ್ಗದ ಮೇಲೆ ನೆನೆದ ಗೋಣಿಚೀಲ ಹಾಕಿ, ಜನರನ್ನು ದೂರ ನಿಲ್ಲಿಸಿ.

ಓಡಿಸುವುದರಲ್ಲೂ ಕೆಲವು ಮಾತುಗಳಿವೆ. ಜಾರುವ ಇಳಿಜಾರಿನಲ್ಲಿ ಲೋ ಗೇರಿನ ಒಂದನೆಯದಕ್ಕೆ ಹಾಕಿ ಕ್ಲಚ್ಚಿನಿಂದ ಕಾಲು ತೆಗೆದರೆ ಇಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ಬ್ರೇಕು ತುಳಿದು ಗಾಲಿ ನಿಂತರೆ ಜೀಪು ಜಾರುಬಂಡೆಯಾಗುತ್ತದೆ. ರಸ್ತೆಯಲ್ಲಿ 30 ಪೌಂಡು ಗಾಳಿ ಇರುವ ಟೈರಿಗೆ ಕೆಸರಿನಲ್ಲಿ 20ರ ಆಸುಪಾಸಿಗೆ ಇಳಿಸಿದರೆ ಹಿಡಿತ ಹೆಚ್ಚುತ್ತದೆ. ಡಾಂಬರು ಹತ್ತುವ ಮುಂಚೆ ಮತ್ತೆ ತುಂಬಬೇಕು, ಆದ್ದರಿಂದಲೇ ಪಂಪು. ನೀರು ಹರಿಯುವ ಹಳ್ಳದಲ್ಲಿ ಗಾಲಿಯ ಗುಂಬ ಮುಳುಗುವಂತಿದ್ದರೆ ಇಳಿಯಲೇಬೇಡಿ. ನೀರಿನ ನಡುವೆ ಇಂಜಿನು ನಿಂತರೆ ಮತ್ತೆ ಸೆಲ್ಫು ಹೊಡೆಯಬೇಡಿ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡೇ ಬಾಗುತ್ತದೆ.

ನಮ್ಮ ಡ್ರೈವರಿಗೆ ಮೂವತ್ತು ವರ್ಷದ ಅನುಭವವಿದೆ, ಇದೆಲ್ಲ ಪುಸ್ತಕದ ಮಾತು ಎನ್ನುವವರಿದ್ದಾರೆ. ಅನುಭವ ಡ್ರೈವರಿಗಿದೆ, ಒಪ್ಪೋಣ. ಆದರೆ ತುಕ್ಕಿಗೆ ಅವನ ಅನುಭವದ ಮೇಲೆ ಗೌರವವಿಲ್ಲ. ಖರ್ಚಿನ ಮಾತೆತ್ತುವವರು ಒಂದು ಸಲದ ಬೋರ್ಡೊ ಸಿಂಪಡಣೆಯ ಲೆಕ್ಕದೊಡನೆ ಇದನ್ನು ಹೋಲಿಸಿ ನೋಡಲಿ. ಕೊಳೆರೋಗ ಬಂದ ಮೇಲೆ ಔಷಧ ಹೊಡೆದು ಪ್ರಯೋಜನವಿಲ್ಲವೆಂದು ನಾವೇ ಸಭೆಗಳಲ್ಲಿ ಭಾಷಣ ಮಾಡುತ್ತೇವಲ್ಲವೆ?

ಇನ್ನೊಂದು ಕಹಿ ಮಾತು. ಕುಯ್ಲಿನ ಕಾಲದಲ್ಲಿ ಒಂದು ಜೀಪಿಗೆ ಎಷ್ಟು ಆಳು ತುಂಬುತ್ತೇವೆಂದು ನಮ್ಮ ನಮ್ಮ ಎದೆ ಮುಟ್ಟಿ ನೋಡಿಕೊಳ್ಳೋಣ. ಒಳಗೆ ಹದಿನೈದು, ಹಿಂದೆ ಜೋತುಬಿದ್ದವರು ನಾಲ್ಕು. ಅಷ್ಟು ಭಾರ ಹಿಂದೆ ಬಿದ್ದಾಗ ಏರಿನಲ್ಲಿ ಮುಂದಿನ ಗಾಲಿ ಹಗುರಾಗಿ ಸ್ಟೀರಿಂಗು ಮಾತು ಕೇಳುವುದಿಲ್ಲ. ಆರ್.ಸಿ.ಯಲ್ಲಿ ಬರೆದಷ್ಟೇ ಸೀಟು, ಬೇಕಾದರೆ ಎರಡು ಸಲ ಹೋಗಿಬರಲಿ. ಡೀಸೆಲ್ಲಿನ ಲೆಕ್ಕಕ್ಕೂ ಜೀವದ ಲೆಕ್ಕಕ್ಕೂ ಒಂದೇ ತಕ್ಕಡಿಯಲ್ಲ.

ಪೇಟೆಯ ಆಟಗಾರರನ್ನು ಹೊಗಳಿದ್ದರಿಂದ ಅವರ ಎಲ್ಲವನ್ನೂ ಒಪ್ಪಿದೆವೆಂದು ತಿಳಿಯಬೇಡಿ. ಹಸಿ ಗುಡ್ಡದಲ್ಲಿ ಗಾಲಿ ತಿರುಗಿಸಿ ಕೊರೆದ ಗೆರೆ ಮರುವರ್ಷ ಕೊರಕಲಾಗುತ್ತದೆ. ಹಳ್ಳದ ತಳ ಕಲಕಿದರೆ ಕೆಳಗಿನ ಮನೆಯವರ ಕುಡಿಯುವ ನೀರು ಕೆಡುತ್ತದೆ. ಬಾಡಿಗೆಯ ಆಸೆಗೆ ತೋಟ ಬಿಟ್ಟುಕೊಡುವ ಸದಸ್ಯರು ಇದನ್ನು ಯೋಚಿಸಬೇಕು. ಅವರ ಗಾಡಿಯ ಬೃಹತ್ ಟೈರು, ಎತ್ತರಿಸಿದ ಪಾಟಾ ನೋಡಿ ನಮ್ಮ ಮಕ್ಕಳು ಮರುಳಾಗುವುದೂ ಬೇಡ. ವಾಹನದ ಮೂಲ ರಚನೆಯನ್ನು ಮನಬಂದಂತೆ ಬದಲಾಯಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲೇ ಹೇಳಿದೆ. ನಾವು ಅವರಿಂದ ಕಲಿಯಬೇಕಾದುದು ಸಿದ್ಧತೆಯನ್ನು ಮಾತ್ರ, ಶೋಕಿಯನ್ನಲ್ಲ.

ಸಂಘದ ಕಾರ್ಯದರ್ಶಿಯಾಗಿ ಮಹಾಸಭೆಯ ಮುಂದೆ ನಾವು ಮೂರು ಸಲಹೆ ಇಡಲಿದ್ದೇವೆ. ಪ್ರತಿ ವರ್ಷ ಮೃಗಶಿರ ಹುಟ್ಟುವ ಮುಂಚೆ ಸಂಘದ ಗೋದಾಮಿನ ಅಂಗಳದಲ್ಲಿ ಎರಡು ದಿನ ಮೆಕ್ಯಾನಿಕರನ್ನು ಕರೆಸಿ ಸದಸ್ಯರ ಜೀಪುಗಳ ತಪಾಸಣೆ ನಡೆಸುವುದು. ಪ್ರತಿ ಡಿಪೋದಲ್ಲಿ ಒಂದು ಹಗ್ಗ, ಕೊಂಡಿ, ಚೈನುಗಳ ಪೆಟ್ಟಿಗೆ ಇಡುವುದು. ಮಳೆಗಾಲದಲ್ಲಿ ಯಾವ ಊರಿನಲ್ಲಿ ಯಾರ ಜೀಪು ರಾತ್ರಿ ಹೊರಡಲು ಸಿದ್ಧವಿದೆ ಎಂಬ ಪಟ್ಟಿಯನ್ನು ಹಾಲಿನ ಡೈರಿ, ಅಂಗಡಿ, ಶಾಲೆಗಳ ಗೋಡೆಗೆ ಅಂಟಿಸುವುದು. ಸದಸ್ಯರು ವಿರೋಧಿಸುವುದಿದ್ದರೆ ಬಂದು ವಿರೋಧಿಸಲಿ, ಬಾರದೆ ಇರುವುದು ಬೇಡ.

ಬೆಂಕಿ ಬಿದ್ದಾಗ ಬಾವಿ ತೋಡಿದ ಗಾದೆಯನ್ನು ನಾವು ಮಕ್ಕಳಿಗೆ ಹೇಳುತ್ತಲೇ ಬಂದಿದ್ದೇವೆ. ಮೃಗಶಿರಕ್ಕೆ ಇನ್ನೂ ಕೆಲವು ದಿನ ಉಳಿದಿದೆ. ಈ ಸಂಚಿಕೆಯನ್ನು ಮಡಿಸಿಟ್ಟು ಒಮ್ಮೆ ಶೆಡ್ಡಿಗೆ ಹೋಗಿ ಆ ಲಿವರನ್ನು ಎಳೆದು ನೋಡಿ. ಅದು ಕದಲದಿದ್ದರೆ, ಕದಲಿಸಲು ಇದೇ ಸಮಯ.